ಭಾನುವಾರದ ಮಟನ್ನೂ ನನ್ನ ಸ್ವಾತಂತ್ರ್ಯವೂ

ಸ್ವಾತಂತ್ರ್ಯವನ್ನು ಕೂಡ ವೇಳೆಗೆ ಸರಿಯಾಗಿ ಅನುಭವಿಸಬೇಕು ಎಂದು ನಂಬಿದವನು ನಾನು. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಬೋರ್ಡಿಂಗ್ ಶಾಲೆಯ ಗಂಟೆ ಕೇಳುತ್ತಲೇ ಬೆಳೆದೆ. ಏಳುವುದಕ್ಕೊಂದು ಗಂಟೆ, ಪ್ರಾರ್ಥನೆಗೊಂದು, ರೊಟ್ಟಿಗೊಂದು, ಆಟಕ್ಕೊಂದು. ಆಟದ ಗಂಟೆ ಹೊಡೆದ ಮೇಲೆ ಆಡದೆ ಕೂತವನಿಗೆ ಶಿಕ್ಷೆಯಿತ್ತು. ಮುಂದೆ ಯಾದಗಿರಿಯ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿ ಅಂಥದೇ ಗಂಟೆಯನ್ನು ಬೇರೆಯವರ ಮಕ್ಕಳ ಕಿವಿಗೆ ಬಾರಿಸಿದೆ. ನಿವೃತ್ತನಾಗಿ ಶಹಾಪುರದಲ್ಲಿ ಮನೆ ಮಾಡಿದ ದಿನ ನನ್ನ ಹೆಂಡತಿ ರೂತಮ್ಮ, “ಇನ್ನ ನೀವು ಸ್ವತಂತ್ರರಿ” ಎಂದಳಂತೆ. ನಾನು “ಎಷ್ಟು ಗಂಟೆಯಿಂದ?” ಎಂದು ಕೇಳಿದೆನಂತೆ. ಬಂದವರಿಗೆಲ್ಲ ಅವಳು ಇದನ್ನು ಹೇಳುತ್ತಾಳೆ. ನನಗೆ ನೆನಪಿಲ್ಲ.

ಹೀಗಾಗಿ ನಮ್ಮ ಪಾಸ್ಟರರು ಕ್ರೈಸ್ತರ ಸ್ವಾತಂತ್ರ್ಯದ ಮೇಲೆ ಪ್ರಸಂಗ ಮಾಡಿದಾಗ, ಈ ವಿಷಯದಲ್ಲಿ ನುರಿತವನಂತೆ ಮುಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸಿದೆ. ಉಣ್ಣುವುದು, ಉಡುವುದು, ದಿನ ವಾರ ನೋಡುವುದು, ಇವುಗಳಿಂದ ಯಾರೂ ದೇವರಿಗೆ ಹತ್ತಿರವಾಗುವುದಿಲ್ಲ, ದೂರವೂ ಆಗುವುದಿಲ್ಲ ಎಂದರು. ಅಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ, ಮನಸ್ಸಿಗೆ ಬಂದದ್ದನ್ನು ಮಾಡುವ ಮುಂಚೆ ಅದರಿಂದ ಪಕ್ಕದವರಿಗೆ ಏನಾಗುತ್ತದೆ ಎಂದು ಒಮ್ಮೆ ತಿರುಗಿ ನೋಡಿ ಎಂದೂ ಸೇರಿಸಿದರು. ಆ ಭಾಗ ನನಗೆ ಸರಿಯಾಗಿ ಕೇಳಿಸಲಿಲ್ಲ. ಅಷ್ಟರಲ್ಲಿ ಮಟನ್ನಿನ ವೇಳೆ ಹತ್ತಿರವಾಗಿತ್ತು.

ಚರ್ಚಿನಿಂದ ಬಂದು ಭಾನುವಾರ ಮಧ್ಯಾಹ್ನ ಮಟನ್ ಉಣ್ಣುವುದು ನಮ್ಮ ಮನೆಯ ಪದ್ಧತಿ. ರೂತಮ್ಮ ಒಣಕೊಬ್ಬರಿ ಸುಟ್ಟು ಮಸಾಲೆ ಅರೆದಳೆಂದರೆ ಅದರ ಘಮ ನಮ್ಮ ಗವಾಕ್ಷಿ ದಾಟಿ ನೇರವಾಗಿ ಪಕ್ಕದ ಶರಣಪ್ಪನವರ ಪಡಸಾಲೆಗೆ ಇಳಿಯುತ್ತದೆ. ಶರಣಪ್ಪನವರದು ಕಿರಾಣಿ ಅಂಗಡಿ. ಲಿಂಗಪೂಜೆಯಾಗದೆ ನೀರು ಮುಟ್ಟದ ಮನೆತನ. ಪ್ರತಿ ಭಾನುವಾರ ಮಧ್ಯಾಹ್ನ ಅವರ ಮನೆಯಿಂದ ಲೋಬಾನದ ಹೊಗೆ ದಟ್ಟವಾಗಿ ಏಳುತ್ತಿತ್ತು. “ನಮ್ಮ ದಿನವೇ ಅವರಿಗೂ ಎಷ್ಟು ಭಕ್ತಿ ನೋಡು” ಎಂದು ಮೆಚ್ಚಿಕೊಂಡಿದ್ದೆ.

“ಅದು ಭಕ್ತಿ ಅಲ್ರಿ, ನಮ್ಮ ಮಟನ್” ಎಂದಳು ರೂತಮ್ಮ.

ಪ್ರಸಂಗದ ಮರುವಾರ, ಶನಿವಾರ ಸಂಜೆ ಶರಣಪ್ಪ ನಮ್ಮ ಬಾಗಿಲಿಗೆ ಬಂದರು. “ನಾಳಿ ಸುರಪುರದವರು ನಮ್ಮ ಮಹಾದೇವಿನ್ನ ನೋಡಾಕ ಬರಾಕತ್ತಾರ್ರಿ ಸರ. ಜರಾ ಕುರ್ಚಿ ಬೇಕಾಗಿದ್ವು.” ಮಹಾದೇವಿ ಅವರ ಒಬ್ಬಳೇ ಮಗಳು, ಊರಿನ ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ. ಕುರ್ಚಿ ಎತ್ತಿಕೊಂಡು ಹೊರಟವರು ಹೊಸ್ತಿಲಲ್ಲಿ ನಿಂತು ನಮ್ಮ ಅಡುಗೆಮನೆಯ ಕಡೆ ನೋಡಿದರು. “ಮಧ್ಯಾಹ್ನ ಬರ್ತಾರಂತ್ರಿ” ಎಂದು ಹೇಳಿ ಹೋದರು.

“ಅವರು ಕೇಳಾಕ ಬಂದಿದ್ದು ಕುರ್ಚಿ ಅಲ್ಲ” ಎಂದಳು ರೂತಮ್ಮ.

ನಾನು ಪ್ರಸಂಗದ ಮೊದಲ ಭಾಗವನ್ನು ವಿವರಿಸಿದೆ. ಒತ್ತಾಯಕ್ಕೆ ಮಟನ್ ಬಿಟ್ಟರೆ ಅದು ಸ್ವಾತಂತ್ರ್ಯವಾಗುವುದಿಲ್ಲ ಎಂದೆ.

“ಒತ್ತಾಯ ಯಾರ್ ಮಾಡ್ಯಾರ? ಪಾಪ, ಬಾಯಿ ಬಿಟ್ಟು ಒಂದ್ ಮಾತ ಕೇಳಿಲ್ಲ.”

“ಕೇಳದೇ ಇದ್ದದ್ದಕ್ಕ ನಾ ಹೆಂಗ ಉತ್ತರ ಕೊಡ್ಲಿ?”

“ಬ್ಯಾಳಿ ಬೇಯಿಸಿ” ಎಂದು ಅವಳು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗಲು ಸಿದ್ಧನಾಗುತ್ತಿದ್ದಾಗ ಮಹಾದೇವಿಯೇ ಹಿತ್ತಲ ಬಾಗಿಲಿಗೆ ಬಂದಳು. “ಕಾಕಾ, ಇವತ್ತ ಮಟನ್ ಅದ ಇಲ್ರಿ?”

“ಇಲ್ಲವ್ವ. ನಿನ್ನ ಸಲುವಾಗಿ ಬಿಟ್ಟೀವಿ” ಎಂದೆ, ತ್ಯಾಗಿಗೆ ತಕ್ಕ ದನಿಯಲ್ಲಿ.

ಅವಳ ಮುಖ ಸಪ್ಪಗಾಯಿತು. “ಮಾಡ್ರಿ ಕಾಕಾ. ಜರಾ ಮಸಾಲಿ ಜಾಸ್ತಿನ ಹಾಕ್ರಿ. ಹುಡುಗನ ಸೋದರತ್ತಿ ಭಾಳ ಮಡಿ ಅಂತ. ವಾಸನಿ ಬಡದ್ರ ಚಾ ಕುಡೀಲಾರದ ಎದ್ದು ಹೋಗ್ತಾಳ. ಮದಿವಿ ಆದ ಮ್ಯಾಲ ಶಾಲಿ ಬಿಡಿಸ್ತಾರಂತ್ರಿ ಅವರು. ನಾ ಬಿಡಂಗಿಲ್ಲ.”

“ಅಪ್ಪಗ ಹೇಳ್ಬೇಕಿಲ್ಲೇನು?”

“ಅಪ್ಪನ ಮುಂದ ನಿಂತ್ರ ಮಾತ ಬರಂಗಿಲ್ರಿ.”

ಹಸಿವೂ ಪರೋಪಕಾರವೂ ಒಂದೇ ಪಾತ್ರೆಯಲ್ಲಿ ಬೇಯುವ ಅವಕಾಶ ಮನುಷ್ಯನಿಗೆ ಪದೇ ಪದೇ ಸಿಗುವುದಿಲ್ಲ. ಪಕ್ಕದವರಿಗೆ ಏನಾಗುತ್ತದೆ ಎಂದು ತಿರುಗಿ ನೋಡಲು ಪಾಸ್ಟರರು ಹೇಳಿದ್ದರು, ನೋಡಿದೆ, ಪಕ್ಕದವಳಿಗೂ ಮಟನ್ನೇ ಬೇಕಾಗಿತ್ತು. ಆ ಪ್ರಸಂಗದ ಎರಡೂ ಭಾಗಗಳ ಮೇಲೆ ನನಗೆ ಏಕಕಾಲಕ್ಕೆ ಗೌರವ ಬಂತು. ಚೀಲ ತೆಗೆದುಕೊಂಡೆ. ರೂತಮ್ಮ ಬಾಗಿಲಿಗೆ ಅಡ್ಡ ನಿಂತಳು. ವಿಷಯ ತಿಳಿಸಿದೆ.

“ಹುಡುಗಿ ಮಾತು ಕುಕ್ಕರ್ ಯಾಕ ಆಡಬೇಕು?” ಎಂದಳು. “ಆಕಿಗಿ ಧೈರ್ಯ ಇಲ್ಲ ಅಂದ್ರ ನಿಮಗೂ ಬಾಯಿ ಇಲ್ಲೇನು? ಸಾವಿರ ಹುಡುಗೂರ ಮ್ಯಾಲ ಚೀರ್ಯಾಡಿದವರು, ಒಬ್ಬ ಶರಣಪ್ಪನ ಮುಂದ ಹೇಳಾಕ ಆಗಂಗಿಲ್ಲ?”

ಮಟನ್ ತರುವುದು ಎಷ್ಟು ಸುಲಭವಿತ್ತೆಂದು ಆಗ ತಿಳಿಯಿತು. ಖಾಲಿ ಚೀಲ ಕೈಯಲ್ಲೇ ಇಟ್ಟುಕೊಂಡು ಶರಣಪ್ಪನವರ ಮನೆಗೆ ಹೋದೆ. ಅವರು ಸ್ಟೂಲಿನ ಮೇಲೆ ನಿಂತು ಬಾಗಿಲಿಗೆ ಹೊಸ ಪರದೆ ಕಟ್ಟುತ್ತಿದ್ದರು. ಚರ್ಚಿನ ಗಂಟೆ ಹೊಡೆಯುತ್ತಿತ್ತು. ಗಂಟೆ ಕೇಳಿಯೂ ನಾನು ಬೇರೆಡೆ ನಿಂತದ್ದು ಬಹುಶಃ ಅದೇ ಮೊದಲು.

“ಮಹಾದೇವಿಗಿ ಶಾಲಿ ಬಿಡೋದು ಮನಸ್ಸಿಲ್ಲ. ನಿಮ್ಮ ಮುಂದ ಹೇಳಾಕ ಹೆದರ್ಯಾಳ” ಎಂದೆ.

ಶರಣಪ್ಪ ಕೆಳಗಿಳಿದರು. ಮುಖ ಬಿಗಿಯಾಯಿತು. “ನನ್ನ ಮಗಳು ನನ್ನ ಮುಂದ ಹೇಳಲಾರದ್ದು ನಿಮ್ಮ ಮುಂದ ಹೇಳ್ಯಾಳ?”

“ನನ್ನ ಮುಂದನೂ ಪೂರಾ ಹೇಳಿಲ್ಲ. ಮಟನ್ ಮಾಡ್ರಿ ಅಂದ್ಳು. ಬೀಗರು ಓಡಿ ಹೋಗ್ಲಿ ಅಂತ.”

ಅವರು ನನ್ನನ್ನೂ ಚೀಲವನ್ನೂ ನೋಡಿದರು. ಎಷ್ಟೋ ಭಾನುವಾರಗಳ ಲೋಬಾನ ಅವರ ಕಣ್ಣ ಮುಂದೆ ಹಾದುಹೋಗಿರಬೇಕು. ನಗಲು ಶುರುಮಾಡಿದವರು ನಮ್ಮದೇ ಕುರ್ಚಿಯ ಮೇಲೆ ಕುಸಿದು ಕೂತರು. ಆಮೇಲೆ ಕಣ್ಣೊರೆಸಿಕೊಂಡು, “ನಾನೇನು ಅಷ್ಟು ಕೆಟ್ಟವನೇನ್ರಿ ಸರ?” ಎಂದರು ಮೆಲ್ಲಗೆ. ಉತ್ತರಕ್ಕೆ ಕಾಯದೆ ಒಳಗೆ ಕೂಗಿದರು: “ಮಾದೇವಿ, ಅವರು ಬಂದ ಮ್ಯಾಲ ನೀನ ಕೇಳಬೇ. ನಾ ನಡುವ ಬಾಯಿ ಹಾಕಂಗಿಲ್ಲ.”

ಮಧ್ಯಾಹ್ನ ನಾವು ಬೇಳೆ ಉಂಡೆವು. ಗವಾಕ್ಷಿಯ ಕೆಳಗೆ ನಿಲ್ಲುವುದು ನನ್ನ ಕ್ರಮವಲ್ಲ, ಆದರೆ ಅಂದು ನಿಂತೆ. ಮಹಾದೇವಿಯ ದನಿ ಸ್ಪಷ್ಟವಾಗಿತ್ತು: “ಮದಿವಿ ಆದ ಮ್ಯಾಲೂ ನಾ ಶಾಲಿಗಿ ಹೋಗ್ತೀನ್ರಿ. ಆಗಂಗಿಲ್ಲಂದ್ರ ಈಗ ಹೇಳಿಬಿಡ್ರಿ.” ಹುಡುಗ ಹೇಳಿದ, “ಹೋಗ್ಲಿ ಬಿಡ್ರಿ, ನಂದೇನ್ ತಕರಾರಿಲ್ಲ. ನಮ್ಮತ್ತಿ ಒಬ್ಬಾಕಿನ ಬ್ಯಾಡ ಅಂದಿದ್ದು.” ಕೂಡಲೇ ಹೆಂಗಸಿನ ದನಿ: “ನಾ ಎಲ್ಲಿ ಬ್ಯಾಡಂದೀನೋ ಭಾಡ್ಯಾ? ಸುರಪುರದಾಗ ಶಾಲಿ ಇಲ್ಲೇನು?”

ಸಂಜೆ ಕುರ್ಚಿಗಳ ಜೊತೆ ಪೇಡೆಯೂ ಬಂತು. “ಒಪ್ಪಿಗಿ ಆತ್ರಿ. ಹುಡುಗಿನೂ ಹೂಂ ಅಂದಾಳ” ಎಂದು ಶರಣಪ್ಪ ಸಂಭ್ರಮದಿಂದ ಹೇಳಿದರು. ನಂತರ ದನಿ ತಗ್ಗಿಸಿ ಭಾನುವಾರದ ಮಾತು ತೆಗೆದರು. “ಬೀಗರಿಗೆ ಐತವಾರ ಬಿಟ್ರ ಪುರಸೊತ್ತಿಲ್ಲಂತ್ರಿ. ಲಗ್ನ ಆಗೋತನ ಮಾತುಕತಿ ಎಲ್ಲಾ ಐತವಾರನ.”

ಈ ಸಲ ನಾನು ಕಾಯಲಿಲ್ಲ. “ಬರ್ಲಿ ಬಿಡ್ರಿ. ಐತವಾರ ನಮ್ಮನ್ಯಾಗ ಬ್ಯಾಳಿ” ಎಂದೆ. ಯಾರ ಒತ್ತಾಯವೂ ಇಲ್ಲದೆ ಹೇಳಿದೆ. ಇದೇ ಖರೆಯ ಸ್ವಾತಂತ್ರ್ಯ ಎಂದು ರೂತಮ್ಮನಿಗೆ ಎರಡು ದಿನ ವಿವರಿಸಿದೆ.

ಅವಳು ಸುಮ್ಮನೆ ಕೇಳಿ, ಬುಧವಾರ ಮಟನ್ ಮಾಡಿದಳು. ಅದೇ ಮಸಾಲೆ, ಅದೇ ಘಮ, ಪಕ್ಕದಲ್ಲಿ ಕಟಕ ರೊಟ್ಟಿ. ನಾನು ತಾಟಿನ ಮುಂದೆ ಕೂತೆ. ಕೈ ಮೇಲೇಳಲಿಲ್ಲ.

“ಬುಧವಾರ ಮಟನ್ ಹೆಂಗ ಉಣ್ಣೋದು?” ಎಂದೆ.

“ಯಾಕ? ಯಾರರ ಬ್ಯಾಡ ಅಂದಾರೇನು?”

ಯೋಚಿಸಿದೆ. ದೇವರು ಬೇಡ ಅಂದಿರಲಿಲ್ಲ. ಪಾಸ್ಟರರೂ ಅಂದಿರಲಿಲ್ಲ. ಶರಣಪ್ಪ ಅಂಗಡಿಯಲ್ಲಿದ್ದರು, ಮಹಾದೇವಿ ಶಾಲೆಯಲ್ಲಿದ್ದಳು. ಇಡೀ ಶಹಾಪುರದಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ನಿನ್ನೆಯ ಬೇಳೆ ಉಳಿದಿದೆಯೇ ಎಂದು ಕೇಳಿದೆ.

ರೂತಮ್ಮ ಬೇಳೆಯ ಪಾತ್ರೆಯನ್ನು ನನ್ನತ್ತ ಸರಿಸಿ, ನನ್ನ ತಾಟನ್ನು ತನ್ನತ್ತ ಎಳೆದುಕೊಂಡಳು. ಕಣ್ಣು ಮುಚ್ಚಿ ಚಿಕ್ಕದೊಂದು ಪ್ರಾರ್ಥನೆ ಮಾಡಿ, ಬುಧವಾರವೆಂಬುದನ್ನು ಲಕ್ಷಿಸದೆ ಊಟ ಶುರುಮಾಡಿದಳು.