ಲೋಲಾಕ್ಷಿಯ ಬಲಗಾಲು ಮತ್ತು ಇಪ್ಪತ್ತೆರಡು ಇಂಚಿನ ಶೌಚಾಲಯ

ವಿಮಾನದಲ್ಲಿ ಹೋಗುವ ಮನುಷ್ಯನಿಗೆ ಶೌಚಾಲಯದೊಳಗೆ ಮೂವತ್ತನಾಲ್ಕು ಇಂಚು ಅಗಲದ ಜಾಗ ಕೊಡುವುದೆಂದರೆ ಅವನನ್ನು ಮುದ್ದು ಮಾಡಿ ಹಾಳು ಮಾಡಿದಂತೆ ಎಂದು ಕೆನಡಾದ ಮಿಸಿಸಾಗದ ಸ್ಲಿಮ್‌ನೆಸ್ಟ್ ಕ್ಯಾಬಿನ್ಸ್ ಕಂಪನಿಯು ಸರ್ವಾನುಮತದಿಂದ ತೀರ್ಮಾನಿಸಿತು. ತೀರ್ಮಾನವಾದ ಕೋಣೆ ನಲವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲವಿತ್ತು. ಒಳಗಿದ್ದವರು ಆರು ಜನ. ಪಕ್ಕದಲ್ಲೇ ಅವರದೇ ಶೌಚಾಲಯವಿತ್ತು. ಅದರಲ್ಲಿ ಮನಸ್ಸು ಬಂದರೆ ಶಟಲ್ ಆಡಬಹುದಿತ್ತು.

ಪ್ರತಿ ಶೌಚಾಲಯದಿಂದ ಆರಾರು ಇಂಚು ಕಿತ್ತು ಒಟ್ಟು ಮಾಡಿದರೆ ವಿಮಾನದಲ್ಲಿ ಒಂದು ಸಾಲು ಸೀಟು ಹೆಚ್ಚುತ್ತದೆ. ಒಂದು ಸಾಲು ಹೆಚ್ಚಿದರೆ ಆರು ಜನ ಹೆಚ್ಚುತ್ತಾರೆ. ಆ ಆರು ಜನರೂ ಶೌಚಾಲಯಕ್ಕೆ ಹೋಗುತ್ತಾರಲ್ಲ ಎಂದು ಯಾರೂ ಕೇಳಲಿಲ್ಲ. ಅದು ಅಜೆಂಡಾದಲ್ಲಿರಲಿಲ್ಲ.

ನಕ್ಷೆ ಬರೆಯುವ ಕೆಲಸ ಸೀನಪ್ಪನವರ ಪಾಲಿಗೆ ಬಂತು. ಮೂಲ್ಕಿ ಕಡೆಯ ಈ ಸೀನಪ್ಪನವರು ಇಪ್ಪತ್ತನಾಲ್ಕು ವರ್ಷದಿಂದ ವಿಮಾನದ ಶೌಚಾಲಯ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಿದವರಲ್ಲ. ಊರಿನವರು ಕೇಳಿದರೆ ಮಾತ್ರ "ನಾನು ಏರೋಸ್ಪೇಸಲ್ಲಿ ಇದ್ದೇನೆ" ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇಲ್ಲ.

ಸಂಜೆ ಮನೆಗೆ ಬಂದು ಹೆಂಡತಿ ಲೋಲಾಕ್ಷಿಗೆ ಸುದ್ದಿ ಹೇಳಿದರು. ಮೊಣಕಾಲಿನ ಆಪರೇಷನ್ ಆದ ಮೇಲೆ ಲೋಲಾಕ್ಷಿಯ ಬಲಗಾಲು ಮಡಚುತ್ತಿರಲಿಲ್ಲ. ಎಲ್ಲಿ ಕೂತರೂ ಅದನ್ನು ಓರೆಯಾಗಿ ಚಾಚಬೇಕು. ಡಿಸೆಂಬರಿನಲ್ಲಿ ಅವರ ತಂಗಿಯ ಮಗಳ ಮದುವೆ, ಮೂಲ್ಕಿಯಲ್ಲಿ. ಆರು ವರ್ಷದಿಂದ ಊರು ಕಾಣದ ಲೋಲಾಕ್ಷಿ ಅದಕ್ಕಾಗಿ ಸೀರೆ ತೆಗೆದಿಟ್ಟು ಕೂತಿದ್ದರು. ಸುದ್ದಿ ಕೇಳಿದ್ದೇ ಎದ್ದು, ಬೇಸ್‌ಮೆಂಟಿಗೆ ಇಳಿದು, ನೆಲದ ಮೇಲೆ ಎರಡು ನೀಲಿ ಟೇಪು ಅಂಟಿಸಿದರು. ಮಧ್ಯೆ ಸ್ಟೂಲು ಇಟ್ಟು, ಕೂತು, ಕಾಲು ಚಾಚಿದರು.

"ಅಳತೆ ಹಿಡೀರಿ."

ಸೀನಪ್ಪನವರು ಹಿಡಿದರು. ಸರಿಯಾಗಿ ಮೂವತ್ತು ಇಂಚು.

"ಮೂವತ್ತು ಉಂಟಾದ್ರೆ ನಾನು ಬರ್ತೇನೆ. ಇಲ್ಲದಿದ್ರೆ ನೀವೊಬ್ಬರೇ ಹೋಗಿ. ಲೋಲಕ್ಕ ಯಾಕೆ ಬರ್ಲಿಲ್ಲ ಅಂತ ಕೇಳಿದವರಿಗೆಲ್ಲ ನಿಮ್ಮ ನಕ್ಷೆ ತೋರಿಸಿ. ಅಡಿಯಲ್ಲಿ ಸೈನ್ ಯಾರದ್ದು ಉಂಟು ಅಂತ ಅವರೇ ಓದಿಕೊಳ್ಳಲಿ."

"ನಾನು ಮಾತು ಕೊಡ್ತೇನೆ ಮಾರಾಯ್ತಿ. ಮೂವತ್ತಕ್ಕಿಂತ ಕೆಳಗೆ ಇಳಿಯಲಿಕ್ಕೆ ಬಿಡುದಿಲ್ಲ."

ಮಾತು ಕೊಡಲು ಅವರಿಗೆ ಧೈರ್ಯ ಬಂದದ್ದು ಕಂಪನಿಯದೇ ಒಂದು ನಿಯಮದಿಂದ. ಹೊಸ ಮಾದರಿಯನ್ನು ಇನ್ನೂರು ಜನರಿಗೆ ತೋರಿಸಿ, ಕೂರಿಸಿ, ಎಬ್ಬಿಸಿ ಅಭಿಪ್ರಾಯ ಬರೆಸತಕ್ಕದ್ದು. ಕಾಲು ಭಾಗ ಜನ ದೂರಿದರೆ ಹಳೇ ಮೂವತ್ತನಾಲ್ಕಕ್ಕೇ ವಾಪಸ್. ದೂರುವ ಇನ್ನೂರು ಜನ ಎಲ್ಲಿ ಸಿಗುತ್ತಾರೆ? ಸೀನಪ್ಪನವರು ಕ್ಷಣವೂ ಯೋಚಿಸಲಿಲ್ಲ. ನಮ್ಮ ಕನ್ನಡ ಸಂಘ! ಸಾರಿಗೆ ಉಪ್ಪು ಕಮ್ಮಿ, ಮೈಕು ಕಿರುಚುತ್ತದೆ, ಪಾರ್ಕಿಂಗು ದೂರ, ಹೋಳಿಗೆ ತೆಳು, ಕಮಿಟಿ ಸರಿ ಇಲ್ಲ, ಹೋದ ಸಲದ ಕಮಿಟಿಯೂ ಸರಿ ಇರಲಿಲ್ಲ! ಇಂಥವರ ಕೈಗೆ ಫಾರಮ್ಮು ಕೊಟ್ಟರೆ ಸ್ಲಿಮ್‌ನೆಸ್ಟ್ ಕಥೆ ಮುಗಿದಂತೆ.

ಯುಗಾದಿಯನ್ನು ಸಂಘವು ಪಂಚಾಂಗದ ಪ್ರಕಾರವಲ್ಲ, ಹಾಲ್ ಸಿಕ್ಕ ಶನಿವಾರದ ಪ್ರಕಾರ ಆಚರಿಸುವುದರಿಂದ ಹಬ್ಬ ಮೂರು ವಾರ ತಡವಾಗಿ ಬಂತು. ಊಟದ ಹಾಲಿನ ಮೂಲೆಯಲ್ಲಿ ಇಪ್ಪತ್ತೆಂಟು ಇಂಚಿನ ಮಾದರಿ ನಿಂತಿತು. "ಕೂತು ಏಳಿ. ಅದಕ್ಕಿಂತ ಮುಂದೆ ಹೋಗಬೇಡಿ" ಎಂದು ಬೋರ್ಡು ಹಾಕಲಾಯಿತು. ಹೋಳಿಗೆ ಊಟ ಮುಗಿಸಿದ ಜನ ಸಾಲಾಗಿ ನಿಂತರು.

ಆಗ ಸಂಘದ ಅಧ್ಯಕ್ಷರಾದ ಡಾಕ್ಟರ್ ನಿಜಲಿಂಗಪ್ಪನವರು ಮೈಕು ಹಿಡಿದರು. ಇವರು ನಿವೃತ್ತ ಅರಿವಳಿಕೆ ತಜ್ಞರು. ಭಾಷಣದಲ್ಲಿ ಮಾತ್ರ ಇನ್ನೂ ವೃತ್ತಿ ಬಿಟ್ಟಿಲ್ಲ.

"ನೋಡ್ರೀ, ಇದು ನಮ್ಮ ಸೀನಪ್ಪನವರು ಕಟ್ಟಿದ್ದು. ನಮ್ಮ ಮನಿ ಮನುಷ್ಯಾ. ಹೊರಗಿನವರ ಮುಂದ ಅವರ ಹೆಸರು ಕೆಡಿಸಬ್ಯಾಡ್ರಿ!"

ಸೀನಪ್ಪನವರ ಕೈಯಲ್ಲಿದ್ದ ಪಾಯಸದ ಲೋಟ ಅಲ್ಲೇ ನಿಂತಿತು.

ಇನ್ನೂರ ನಾಲ್ಕು ಜನ ಕೂತು ಎದ್ದರು. ರತ್ನಾ ಎಂಬವರು ಕೂತರು, ಏಳಲಿಲ್ಲ. ಇಬ್ಬರು ಗಂಡಸರು ಹತ್ತು ನಿಮಿಷ ಎಳೆದ ಮೇಲೆ ಹೊರಬಂದು, ಸೀರೆ ಸರಿ ಮಾಡಿಕೊಂಡು, "ಬಹಳ ಚೆನ್ನಾಗಿದೆ. ತಪ್ಪು ನನ್ನದೇ, ಎರಡು ಹೋಳಿಗೆ ಜಾಸ್ತಿ ತಿಂದೆ" ಎಂದು ಬರೆದುಕೊಟ್ಟರು. ಉಳಿದವರ ಫಾರಮ್ಮಿನಲ್ಲೆಲ್ಲ, ಒಂದನ್ನು ಬಿಟ್ಟು, ಒಂದೇ ಮಾತು: ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀವಿ. ಸಾರಿನ ಉಪ್ಪಿನ ಬಗ್ಗೆ ಅದೇ ಫಾರಮ್ಮಿನ ಹಿಂಬದಿಯಲ್ಲಿ ಹದಿನೇಳು ದೂರು ಬಂದಿದ್ದವು.

ಶೌಚಾಲಯದ ಬಗ್ಗೆ ದೂರು ಬಂದದ್ದು ಒಂದೇ. "ಇದು ಟಾಯ್ಲೆಟ್ಟಲ್ಲ, ಕಪಾಟು. ನನ್ನ ಕಾಲು ಎಲ್ಲಿ ಇಡುದು?" ಎಂದು ಲೋಲಾಕ್ಷಿ ಬರೆದಿದ್ದರು. ವಿನ್ಯಾಸಕನ ಹೆಂಡತಿಗೆ ವಿನ್ಯಾಸಕನ ಮೇಲೆ ಬೇರೆ ಕಾರಣಗಳಿಗೂ ಸಿಟ್ಟಿರಬಹುದೆಂಬ ನಿಯಮದಡಿ ಅದನ್ನು ತಿರಸ್ಕರಿಸಲಾಯಿತು.

ಸೋಮವಾರ ಕಂಪನಿಯ ಡೈರೆಕ್ಟರ್ ನೀನಾ ಫಾರಮ್ಮುಗಳನ್ನು ತಿರುವಿ ಹಾಕಿದಳು. ಅಲ್ಲೇ ಹತ್ತಿರದ ಮಾರ್ಕಮ್‌ನಲ್ಲಿ ಹುಟ್ಟಿದವಳು, ಕನ್ನಡ ಅಜ್ಜಿಯಿಂದ ಬಂದದ್ದು, ಊಟಕ್ಕೆ ನಿದ್ದೆಗೆ ಸಾಕಾಗುವಷ್ಟು.

"ಸೀನಪ್ಪ ಅಂಕಲ್, ದಿಸ್ ಈಸ್ ಅಮೇಜಿಂಗ್! ನನ್ನ ಅಜ್ಜಿನೂ ಇದನ್ನೇ ಹೇಳ್ತಿದ್ರು, ಅಡ್ಜಸ್ಟ್ ಮಾಡ್ಕೋ ಅಂತ. ದೇ ಹ್ಯಾವ್ ನೋ ಲಿಮಿಟ್!"

"ಅದು ಮರ್ಯಾದೆಗೆ ಬರೆದದ್ದಮ್ಮ. ಮನಸ್ಸಲ್ಲಿ ಬೈದಿದ್ದಾರೆ."

"ಮನಸ್ಸಿಗೆ ಫಾರಮ್ಮಲ್ಲಿ ಕಾಲಮ್ ಇಲ್ಲ ಅಂಕಲ್. ಲೆಟ್ಸ್ ಟ್ರೈ ಟ್ವೆಂಟಿ ಟೂ."

ಇಪ್ಪತ್ತೆರಡು ಇಂಚಿನ ಪರೀಕ್ಷೆ ಜೂನಿನಲ್ಲಿ, ಬರ್ಲಿಂಗ್ಟನ್ನಿನ ಕೆರೆದಂಡೆಯ ಪಿಕ್‌ನಿಕ್ಕಿನಲ್ಲಿ ಎಂದು ಗೊತ್ತಾಯಿತು. ಈ ಸಲ ಸೀನಪ್ಪನವರು ಮೊದಲೇ ಮನೆ ಮನೆಗೆ ಹೋದರು. ತಮ್ಮ ಕೆಲಸವನ್ನು ಬೈಯಿರಿ ಎಂದು ಕೈ ಮುಗಿದು ಕೇಳಿಕೊಂಡ ಮೊದಲ ಎಂಜಿನಿಯರ್ ಅವರೇ ಇರಬೇಕು.

"ಡಾಕ್ಟ್ರೇ, ದಯಮಾಡಿ ಬೈಯಿರಿ. ಇಕ್ಕಟ್ಟು ಅಂತ ಬರೆಯಿರಿ. ನನ್ನ ಹೆಂಡತಿಯ ಕಾಲಿನ ಪ್ರಶ್ನೆ."

"ಛೇ, ಛೇ! ನಿಮ್ಮನ್ನ ಬೈತೀವೇನ್ರೀ? ಎಷ್ಟ್ ಸಂಕೋಚದ ಮನುಷ್ಯಾ ಇದ್ದೀರಿ!" ಎಂದು ನಿಜಲಿಂಗಪ್ಪನವರು ಚಹಾ ಕುಡಿಸಿ ಕಳಿಸಿದರು. ಇಷ್ಟೊಂದು ವಿನಯವಂತ ಸಂಘದಲ್ಲಿ ಇನ್ನೊಬ್ಬನಿಲ್ಲ ಎಂದು ಸಂಜೆಯೊಳಗೆ ವಾಟ್ಸಾಪ್ ಗ್ರೂಪಿನ ತುಂಬ ಹರಡಿತು. ಪರಿಣಾಮವಾಗಿ ಪಿಕ್‌ನಿಕ್ಕಿನಲ್ಲಿ ಸೀನಪ್ಪನವರಿಗೆ ಸನ್ಮಾನ ಏರ್ಪಾಡಾಯಿತು. ಜರಿ ಅಂಚಿನ ಮೆರೂನ್ ಶಾಲು ಹೊದಿಸಿ, ಹಾರ ಹಾಕಿ, ಮಾದರಿಯನ್ನು ಉದ್ಘಾಟಿಸಿ ಎಂದು ಒಳಗೆ ನೂಕಿದರು. ಶಾಲು ಹಾರದ ಸಮೇತ ಅವರು ಒಳಗೆ ಹಿಡಿಸಲಿಲ್ಲ. ಹಾರ ತೆಗೆದರು, ಆಗಲೂ ಹಿಡಿಸಲಿಲ್ಲ. ಕೊನೆಗೆ ಉಸಿರು ಬಿಟ್ಟು ಹೊಟ್ಟೆ ಒಳಗೆಳೆದುಕೊಂಡಾಗ ಬಾಗಿಲು ಮುಚ್ಚಿತು. ಹೊರಗೆ ಚಪ್ಪಾಳೆ. ಒಳಗೆ ಕತ್ತಲು. ಮೊಣಕೈ ಎತ್ತಿ ಚಿಲಕ ತೆಗೆಯಲು ಜಾಗವಿಲ್ಲವೆಂಬುದು, ತಾವೇ ಬರೆದ ನಕ್ಷೆಯಾದರೂ, ಅವರಿಗೆ ಅವತ್ತೇ ತಿಳಿದದ್ದು.

ಅಂದು ಬಂದ ಫಾರಮ್ಮುಗಳು ಇನ್ನೂರ ಹನ್ನೊಂದು. ಅಡ್ಜಸ್ಟ್, ಇನ್ನೂರ ಹನ್ನೊಂದು. ಲೋಲಾಕ್ಷಿಗೆ ಈ ಸಲ ಫಾರಮ್ಮನ್ನೇ ಕೊಡಲಿಲ್ಲ.

ಮನೆಗೆ ಬಂದ ಲೋಲಾಕ್ಷಿ ಬೇಸ್‌ಮೆಂಟಿಗೆ ಇಳಿದು ನೀಲಿ ಟೇಪು ಕಿತ್ತು, ಇಪ್ಪತ್ತೆರಡು ಇಂಚಿಗೆ ಅಂಟಿಸಿದರು. ಕೂತರು. ಪಾದ ಟೇಪು ದಾಟಿ ವಾಷಿಂಗ್ ಮೆಷೀನಿನ ಅಡಿಗೆ ಹೋಯಿತು.

"ನೀವು ಮಾತು ಕೊಟ್ಟಿದ್ರಿ."

"ಹೌದು." ಸೀನಪ್ಪನವರು ಮೆಟ್ಟಿಲ ಮೇಲೆಯೇ ನಿಂತಿದ್ದರು, ಶಾಲು ಇನ್ನೂ ಹೆಗಲ ಮೇಲಿತ್ತು. "ನನ್ನ ತಪ್ಪು. ಟಿಕೆಟ್ ಕ್ಯಾನ್ಸಲ್ ಮಾಡ್ಲಾ?"

"ಬೇಡ. ಮಗು ಹುಟ್ಟಿದಾಗ ಎತ್ತಿಕೊಂಡದ್ದು ನಾನು. ಮದುವೆ ಬಿಡ್ಲಿಕ್ಕಾಗ್ತದಾ? ಒಂದು ದಿನ ಮೊದಲೇ ನೀರು ಕುಡಿಯುದು ಬಿಡ್ತೇನೆ, ಅಷ್ಟೇ."

ಡಿಸೆಂಬರಿನಲ್ಲಿ ಅವರು ಹತ್ತಿದ ವಿಮಾನದ ಶೌಚಾಲಯದ ಬಾಗಿಲ ಮೇಲೆ ಹೀಗೆ ಬರೆದಿತ್ತು:

"ಪ್ರಯಾಣಿಕರ ಗಮನಕ್ಕೆ. ಒಂದು: ಯಾವ ಕಡೆಗೆ ಮುಖ ಮಾಡಿ ಇರಬೇಕೆಂಬುದನ್ನು ಹೊರಗೇ ನಿರ್ಧರಿಸತಕ್ಕದ್ದು. ಒಳಗೆ ಬಂದ ಮೇಲೆ ನಿರ್ಧಾರ ಬದಲಿಸಲು ಅವಕಾಶವಿಲ್ಲ. ಎರಡು: ಸ್ವೆಟರು, ಹೊಟ್ಟೆ ಮುಂತಾದ ಹೆಚ್ಚುವರಿ ಸಾಮಾನುಗಳನ್ನು ಸೀಟಿನಲ್ಲೇ ಬಿಟ್ಟು ಬರತಕ್ಕದ್ದು. ಮೂರು: ಕೈ ತೊಳೆಯುವುದು ಪ್ರಯಾಣಿಕರ ಇಚ್ಛೆಗೆ ಬಿಟ್ಟದ್ದು, ಎರಡೂ ಕೈಗಳನ್ನು ಒಟ್ಟಿಗೆ ತೊಳೆಯುವಂತಿಲ್ಲ."

ಜನ ಓದಿ, ತಲೆಯಾಡಿಸಿ, ಅಡ್ಡಡ್ಡ ಒಳಗೆ ಹೋಗಿ ಅಡ್ಡಡ್ಡ ಹೊರಗೆ ಬರುತ್ತಿದ್ದರು. ಲೋಲಾಕ್ಷಿ ಒಂಬತ್ತು ಗಂಟೆ ತಡೆದರು. ಹತ್ತನೆಯ ಗಂಟೆಗೆ ಗಂಡನ ತೋಳು ಹಿಡಿದರು.

"ಹೋಯ್, ಏಳಿ. ಇನ್ನು ಆಗುದಿಲ್ಲ."

ಲೋಲಾಕ್ಷಿ ಒಳಗೆ ಹೋದರು, ಕಾಲು ಹೋಗಲಿಲ್ಲ. ತೆರೆದ ಬಾಗಿಲಿನಿಂದ ಬಲಗಾಲು ಪೂರ್ತಿ, ಸ್ಪೋರ್ಟ್ಸ್ ಶೂ ಸಮೇತ, ನಡೆಯುವ ದಾರಿಗೆ ಅಡ್ಡವಾಗಿ ಹೊರಗುಳಿಯಿತು. ಸೀನಪ್ಪನವರು ಓಡಿ ಹೋಗಿ ಬ್ಯಾಗಿನಲ್ಲಿದ್ದ ಸನ್ಮಾನದ ಶಾಲು ತಂದು, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬಾಗಿಲಿಗೆ ಬೆನ್ನು ಮಾಡಿ ನಿಂತರು. ಬಂದವರೆಲ್ಲ "ಸಾರಿ" ಎಂದು ಕಾಲಿಗೇ ಹೇಳಿ, ದಾಟಿ ಹೋದರು. ಕೆನಡಾ ನೋಡಿ, ಅಲ್ಲಿ ಕಾಲಿಗೂ ಸಾರಿ ಸಿಗುತ್ತದೆ.

"ಮುಗೀತಾ?"

"ಅವಸರ ಮಾಡ್ಬೇಡಿ ಮಾರಾಯ್ರೆ. ಶಾಲು ಸ್ವಲ್ಪ ಎಡಕ್ಕೆ ಹಿಡೀರಿ, ಆ ಹದಿನಾಲ್ಕನೇ ಸಾಲಿನವರು ನೋಡ್ತಿದ್ದಾರೆ."

ಹೊರಬಂದಾಗ ಗಗನಸಖಿ ನಗುತ್ತಾ ಟ್ಯಾಬ್ಲೆಟ್ಟು ಮುಂದೆ ಹಿಡಿದಳು. ಶೌಚಾಲಯದ ಅನುಭವ ಹೇಗಿತ್ತು? ಲೋಲಾಕ್ಷಿ ಕನ್ನಡಕ ಏರಿಸಿದರು. ಎಂಟು ತಿಂಗಳ ಸಿಟ್ಟು ಬೆರಳ ತುದಿಗೆ ಬಂದು ನಿಂತಿತು. ಪಕ್ಕಕ್ಕೆ ನೋಡಿದರು. ಸೀನಪ್ಪನವರು ಶಾಲನ್ನು ಮಡಚುತ್ತಿದ್ದರು. ಮೇಲೆತ್ತಿ ಸೋತ ಕೈಗಳಿಂದ ಅದು ಜಾರಿತು, ಬಗ್ಗಿ ಹೆಕ್ಕಿ ಮತ್ತೆ ಮಡಚಿದರು. ಲೋಲಾಕ್ಷಿ ನಿಟ್ಟುಸಿರು ಬಿಟ್ಟು ಒಂದೊಂದೇ ಅಕ್ಷರ ಒತ್ತಿದರು: ಅಡ್ಜಸ್ಟ್ ಮಾಡಿಕೊಂಡೆವು.

ಮದುವೆ ಚೆನ್ನಾಗಿ ಆಯಿತು.

ಹೊರಚಾಚಿದ ಕಾಲು, ಎತ್ತಿ ಹಿಡಿದ ಶಾಲು ಎರಡೂ ಕಾಣುವಂತೆ ಗಗನಸಖಿ ತೆಗೆದಿದ್ದ ಫೋಟೋ ಮಾತ್ರ ಅವರಿಗಿಂತ ಮೊದಲೇ ಮಿಸಿಸಾಗ ತಲುಪಿತ್ತು. ಬಾಗಿಲಿಲ್ಲದೆಯೂ ಜನ ಹೋಗುತ್ತಾರೆಂಬುದು ಸಾಬೀತಾದ ಕಾರಣ ಬಾಗಿಲನ್ನು ತೆಗೆದುಹಾಕಿ ಇನ್ನೂ ಎರಡು ಇಂಚು ಉಳಿಸಲಾಗುವುದೆಂದೂ, ಹೊಸ ಮಾದರಿಗೆ 'ಹೆರಿಟೇಜ್' ಎಂದು ಹೆಸರಿಡಲಾಗಿದೆಯೆಂದೂ, ಪ್ರಯಾಣಿಕರು ತಮ್ಮ ಶಾಲನ್ನೂ ಅದನ್ನು ಹಿಡಿಯುವವರನ್ನೂ ತಾವೇ ತರತಕ್ಕದ್ದೆಂದೂ ಕಂಪನಿ ಪ್ರಕಟಿಸಿತು. ನೀನಾ ಸೀನಪ್ಪನವರಿಗೆ ಬಡ್ತಿ ಕೊಟ್ಟಳು. ಸಂಘಕ್ಕಂತೂ ಹೆಮ್ಮೆಯೋ ಹೆಮ್ಮೆ. ಸನ್ಮಾನದ ಶಾಲು ಇಲ್ಲದ ಮನೆ ಯಾವುದಿದೆ? ಕಪಾಟಿನಲ್ಲಿ ಮಡಚಿಟ್ಟದ್ದಕ್ಕೆಲ್ಲ ಕೊನೆಗೂ ಒಂದು ಉಪಯೋಗ ಬಂತು ಎಂದು ಹಿರಿಯರು ಕೊಂಡಾಡಿದರು.

ಮುಂದಿನ ಯುಗಾದಿಗೆ, ಹಾಲ್ ಸಿಕ್ಕ ಶನಿವಾರದಂದು, ಸನ್ಮಾನ ಲೋಲಾಕ್ಷಿಗೆ. ನಿಜಲಿಂಗಪ್ಪನವರು ನಲವತ್ತು ನಿಮಿಷ ಮಾತಾಡಿ, ಇನ್ನೂ ಎಚ್ಚರವಿದ್ದವರ ಚಪ್ಪಾಳೆಯ ನಡುವೆ ಹಸಿರು ಶಾಲು ಹೊದಿಸಿದರು. ಲೋಲಾಕ್ಷಿ ಅದನ್ನು ಹೆಗಲಿಂದ ತೆಗೆದು, ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಬೆಳಕಿಗೆ ಒಡ್ಡಿ ಆಚೆ ಕಾಣುತ್ತದೆಯೇ ಎಂದು ನೋಡಿದರು.

"ಅಗಲ ಸ್ವಲ್ಪ ಕಮ್ಮಿ ಆಯ್ತು ಡಾಕ್ಟ್ರೇ," ಎಂದರು. "ಇರ್ಲಿ. ಅಡ್ಜಸ್ಟ್ ಮಾಡ್ತೇವೆ."