ನಾನೇ ಹೇಳಿ ಬರೆಸಿದ ಕರಾರು

ಬಾಡಿಗೆ ಮುಳುಗದಂತೆ ಮನೆ ಕೊಡುವುದು ಹೇಗೆಂದು ಒಂದು ಕಾಲಕ್ಕೆ ಲಿಂಗಸುಗೂರಿನ ಪೇಟೆಗೆಲ್ಲ ಬುದ್ಧಿ ಹೇಳಿದವನು ನಾನು. ನನ್ನ ಅರಿವೆ ಅಂಗಡಿಗೆ ಧೋತರ ಕೊಳ್ಳಲು ಬಂದವರೂ ಒಂದಿಷ್ಟು ಉಪದೇಶ ಕೇಳಿಕೊಂಡೇ ಹೋಗಬೇಕಿತ್ತು. ಸಂಬಳದ ಮನುಷ್ಯನಿಗೇ ಮನೆ ಕೊಡಿ, ಒಂದು ತಿಂಗಳ ಬಾಡಿಗೆ ಮೊದಲೇ ಹಿಡಿಯಿರಿ, ಸಾಕ್ಷಿಗಳಿಲ್ಲದೆ ಬೀಗದ ಕೈ ಕೊಡಬೇಡಿ, ಎಲ್ಲಕ್ಕಿಂತ ಮುಖ್ಯವಾಗಿ ಛಾಪಾ ಕಾಗದದ ಮೇಲೆ ಕರಾರು ಬರೆಸಿ. ಇದನ್ನೆಲ್ಲ ನಾನೂ ಪಾಲಿಸಿದ್ದೆ. ಆಮೇಲೆ ಏನಾಯಿತೆಂದು ಮಾತ್ರ ಯಾರಿಗೂ ಹೇಳಿಲ್ಲ.

ನಿಜಾಮರ ರಾಜ್ಯದಲ್ಲಿ ಕಚೇರಿಗೆ ಹೋಗುವ ಕಾಗದ ಉರ್ದುವಿನಲ್ಲಿರಬೇಕು. ನನಗೆ ಉರ್ದು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಗುರುತಿನವರಲ್ಲಿ ಉರ್ದು ಬರೆಯುವವರೆಂದರೆ ಕಚೇರಿಯಲ್ಲಿ ಸಂಬಳಕ್ಕೆ ಬರೆಯುವ ಮುನ್ಷಿ ನರಹರಿರಾಯರು. ನಮ್ಮ ಹಿತ್ತಲ ಮನೆಗೆ ಬಾಡಿಗೆಗೆ ಬರುವವರೂ ಅವರೇ. ಬರೆಯುವ ಕೂಲಿ ಉಳಿಯಿತಲ್ಲ ಎಂದು ಅವರಿಂದಲೇ ಕರಾರು ಬರೆಸಿದೆ.

"ನೀವು ಹೇಳಿದ್ದಷ್ಟೂ ಬರೀತೀನ್ರಿ ಶಂಕ್ರಪ್ಪನವರ, ಒಂದ್ ಮಾತು ಬಿಡಂಗಿಲ್ಲ" ಅಂದರು. ನಾನು ಹೇಳುತ್ತ ಹೋದೆ, ಅವರು ಬಲದಿಂದ ಎಡಕ್ಕೆ ಬರೆಯುತ್ತ ಹೋದರು. ಕೆಳಗೆ ಕನ್ನಡದಲ್ಲಿ ರುಜು ಹಾಕಿದೆ.

ಬೇಸಿಗೆಯಲ್ಲಿ ಬಾಡಿಗೆ ತಪ್ಪದೆ ಬಂತು. ಅದನ್ನು ನಂಬಿ ಮಸ್ಕಿಯಲ್ಲಿ ಒಂದು ಎಮ್ಮೆಗೆ ಮುಂಗಡವಾಗಿ ಸಂಚಕಾರದ ಹಣ ಕೊಟ್ಟೆ. ಉಳಿದದ್ದನ್ನು ದೀಪಾವಳಿಗೆ ಕೊಟ್ಟು ಹೊಡೆದುಕೊಂಡು ಬರುವ ಮಾತು. ಸಣ್ಣ ಮಗಳು ಅದಕ್ಕೆ ಗಂಗಿ ಎಂದು ಹೆಸರಿಟ್ಟು, ಗೂಟಕ್ಕೆ ಹಗ್ಗವನ್ನೂ ಕಟ್ಟಿದಳು. ಮಳೆ ಹಿಡಿದದ್ದೇ ಬಾಡಿಗೆ ನಿಂತಿತು. ಕೇಳಿದರೆ ರಾಯರು ಶಾಂತವಾಗಿ, "ಕರಾರಿನ್ಯಾಗ ಅದ ರೀ, ಓದಿಸಿ ನೋಡ್ರಿ" ಅನ್ನುವರು.

ನನಗೆ ಮೈಯೆಲ್ಲ ಉರಿಯಿತು. ಬರೆಯುವಾಗಲೇ ಈ ಮನುಷ್ಯ ಮೋಸ ಮಾಡಿದ್ದಾನೆ ಎಂದುಕೊಂಡು, ಹೆಂಡತಿ ಗೌರವ್ವನನ್ನೂ ಕರೆದುಕೊಂಡು ವಕೀಲರ ಮನೆಗೆ ಹೋದೆ. ವಕೀಲರು ಕಾಗದ ಓದಿ ಕನ್ನಡದಲ್ಲಿ ಹೇಳಿದರು: "ಮಾಲಕರು ಖುದ್ದು ಹೇಳಿದ್ದು. ನನ್ನ ಮಾಳಿಗೆಯಿಂದ ಒಂದು ಹನಿ ಸೋರಿದರೂ ಆ ಮಳೆಗಾಲದ ಬಾಡಿಗೆ ನನಗೆ ಬೇಡ."

ಹೌದು, ಕರಾರು ಬರೆಸುವಾಗ ಮನೆಯ ಗಟ್ಟಿತನ ಕೊಚ್ಚಿಕೊಳ್ಳುತ್ತ, ಗೋಡೆ ತಟ್ಟಿ ತಟ್ಟಿ ನಾನೇ ಹೇಳಿದ್ದೆ. ಮಣ್ಣಿನ ಮಾಳಿಗೆಗೆ ವರ್ಷಾ ವರ್ಷಾ ಮಳೆಗೆ ಮೊದಲು ನೀರು ಇಳಿಯಗೊಡದ ಸವಳು ಮಣ್ಣು ಹಾಕಿಸಬೇಕು. ಆ ವರ್ಷ ಹಾಕಿಸಿರಲಿಲ್ಲ. ಆ ದುಡ್ಡೇ ಎಮ್ಮೆಯ ಸಂಚಕಾರಕ್ಕೆ ಹೋಗಿತ್ತು.

"ಮಾಳಗಿ ಸೋರತೈತೇನು?" ಎಂದರು ವಕೀಲರು.

ನಾನು ಇಲ್ಲ ಅನ್ನುವಷ್ಟರಲ್ಲಿ ಗೌರವ್ವ, "ಸೋರಾಕತ್ತೈತ್ರಿ. ರಾಯರ ಹೆಂಡ್ತಿ ಮೂರು ಸಲ ಬಂದು ಹೇಳ್ಯಾರ. ಇವರಿಗೆ ಹೇಳಿದ್ರ, ಮನಿ ಅಂದ ಮ್ಯಾಲೆ ಸೋರತೈತಿ ಅಂದ್ರು" ಎಂದುಬಿಟ್ಟಳು.

ದೀಪಾವಳಿಗೆ ಎಮ್ಮೆ ಬೇರೆಯವರ ಪಾಲಾಯಿತು, ಸಂಚಕಾರವೂ ಹೋಯಿತು. ಗೂಟದ ಹಗ್ಗ ಕಂಡಾಗಲೆಲ್ಲ ಮಗಳ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಯುಗಾದಿಗೆ ಹೊಸ ಕರಾರು ಆಗಬೇಕಿತ್ತು. ಬೇರೆ ಯಾರಿಂದಲಾದರೂ ಬರೆಸೋಣ ಎಂದೆ. ಗೌರವ್ವ ಒಪ್ಪಲಿಲ್ಲ. "ರಾಯರೇ ಬರೀಲಿ. ಹೇಳಿದ್ದು ಹೇಳಿದಂಗ ಬರೀತಾರ. ಈ ಸಲ ಹೇಳಾಕಿ ನಾನು." ಅವಳು ಬಾಗಿಲ ಮರೆಯಿಂದ ಹೇಳಿದಳು, ರಾಯರು ಬರೆದರು. ಮಾಳಿಗೆಗೆ ಮಾಲಕರು ಮಣ್ಣು ಹಾಕಿಸತಕ್ಕದ್ದು, ಬಾಡಿಗೆಯನ್ನು ಗೌರವ್ವನ ಕೈಗೇ ಕೊಡತಕ್ಕದ್ದು, ಮಾಲಕರು ಜಂಬಕ್ಕೆ ಆಡಿದ ಮಾತು ಯಾವುದನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ.

"ನೀವೇನರ ಹೇಳೋದು ಅದ ಏನ್ರಿ ಶಂಕ್ರಪ್ಪನವರ?" ಎಂದು ಕೇಳಿದರು ರಾಯರು. ಹೇಳಬೇಕೆಂದು ಬಾಯಿ ತೆರೆದೆ. ಅವರು ಲೇಖನಿಯನ್ನು ಮಸಿಗೆ ಅದ್ದಿದ್ದು ಕಂಡು, ಬಾಯಿ ಮುಚ್ಚಿಕೊಂಡು ರುಜು ಹಾಕಿದೆ.