ಮೂಲೆಯ ಕಂಪ್ಯೂಟರಿಗೆ ಸೋಮವಾರ ಸೂಟಿ

ಕಂಪ್ಯೂಟರ್ ತಾನಾಗಿ ಕೆಡುವುದಿಲ್ಲ, ಕೆಡಿಸಲು ಮಂದಿ ಬೇಕು. ಬೈಲಹೊಂಗಲದಲ್ಲಿ ನಾನು ಕೆಲಸ ಮಾಡುವ ಲಗ್ನಪತ್ರಿಕೆ ಪ್ರೆಸ್ಸಿಗೆ ಅಂಥ ಮಂದಿಯ ಕೊರತೆ ಎಂದೂ ಆಗಿಲ್ಲ. ಅವರಲ್ಲಿ ಒಬ್ಬಳು ನಮ್ಮ ಮನೆಯವಳೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

೧. ನಲವತ್ತಕ್ಕೆ ಬಂತು

ಪ್ರೆಸ್ಸಿನ ಮೂಲೆಯಲ್ಲೊಂದು ಹಳೆಯ ಕಂಪ್ಯೂಟರ್ ಇದೆ. ಮುಂದೆ ಕುಳಿತು ಹೆಸರು ಟೈಪ್ ಮಾಡುವ ನನ್ನ ಫೈಲು, ಒಳಗೆ ಡಿಸೈನ್ ಮಾಡುವ ಅಣ್ಣನ ಫೈಲು, ಎಲ್ಲ ಇರುವುದು ಅದರ ಹೊಟ್ಟೆಯಲ್ಲೇ. ಸರ್ವರ್ ಎಂದು ಅದಕ್ಕೆ ದೊಡ್ಡ ಹೆಸರು. ಒಮ್ಮೆ ಬಂದ್ ಆದರೆ ಏಳಲು ಅರ್ಧ ತಾಸು ಬೇಕು. ಅದಕ್ಕೇ ರಜೆಯ ದಿನವೂ ಯಾರೂ ಅದನ್ನು ಬಂದ್ ಮಾಡುತ್ತಿರಲಿಲ್ಲ.

ಹತ್ತನೇ ತರಗತಿ ಓದಿದ ನನಗೆ ಅದನ್ನು ವಹಿಸುವಾಗ ಮಾಲಕರು ಹೇಳಿದ್ದು ಇಷ್ಟೇ: "ತಂಗಿ, ಅದರಾಗ ಊರ ಮಂದಿ ಲಗ್ನ ಅದಾವು. ಅದು ಹೋತಂದ್ರ ನೀನೂ ಮನಿಗೆ ಹೋಗಾಕೀನಽ."

ವಾರದೊಳಗೆ ಒಂದು ದಿನ ಇಬ್ಬರ ಕೆಲಸವೂ ಒಮ್ಮೆಲೇ ನಿಂತಿತು. ಮೂಲೆಗೆ ಓಡಿದರೆ, ಪತ್ರಿಕೆ ಒಯ್ಯಲು ದೊಡವಾಡದಿಂದ ಬಂದಿದ್ದ ವರನ ಕಾಕಾ ಸರ್ವರಿನ ಪ್ಲಗ್ ಕಿತ್ತು ತಮ್ಮ ಮೊಬೈಲ್ ಚಾರ್ಜಿಗೆ ಹಾಕಿದ್ದರು.

"ಕಾಕಾರ, ಏನ್ ಮಾಡಿದ್ರಿ! ಎಲ್ಲಾ ಬಂದ್ ಆತಲ್ರಿ!"

"ಎಲ್ಲಿ ಬಂದ್ ಆಗೇತಿ ಯವ್ವಾ?" ಎಂದು ಅವರು ಮೊಬೈಲ್ ತೋರಿಸಿದರು. "ನಲವತ್ತಕ್ಕ ಬಂದೈತಿ ನೋಡು!"

೨. ಸಾಬೂನಿನ ಅನ್ನ

ಪ್ರತಿ ಶನಿವಾರ ಎಲ್ಲ ಫೈಲುಗಳ ನಕಲನ್ನು ಒಂದು ಪುಟ್ಟ ಡಿಸ್ಕಿಗೆ ಇಳಿಸಿ ಮನೆಗೆ ಒಯ್ಯುವುದೂ ನನ್ನ ಕೆಲಸವೇ. ಒಂದು ರವಿವಾರ ಬೆಳಿಗ್ಗೆ ಪ್ರೆಸ್ಸಿಗೆ ಹೊರಡುವಾಗ ನೋಡುತ್ತೇನೆ, ನನ್ನ ಐದು ವರ್ಷದ ಮಗಳು ಬಚ್ಚಲಲ್ಲಿ ಕುಳಿತು ಆ ಡಿಸ್ಕಿಗೆ ಸಾಬೂನು ಹಚ್ಚಿ ನಾರಿನಿಂದ ತಿಕ್ಕುತ್ತಿದ್ದಾಳೆ.

"ಏನ್ ಮಾಡಾಕತ್ತೀದಿ!"

"ಧೂಳಾಗಿತ್ತವ್ವಾ. ನಿನಗ ಕೆಲಸ ಕಮ್ಮಿ ಆಗ್ಲಿ ಅಂತ."

ಕೆಲಸ ಕಮ್ಮಿಯಾಗುವುದೇನು, ಹೋಗುವುದೇ ಬಾಕಿ ಇತ್ತು. ಒದ್ದೆಯಾದ ಮೊಬೈಲನ್ನು ಅಕ್ಕಿಯಲ್ಲಿ ಇಡುತ್ತಾರಲ್ಲ, ಹಾಗೆ ಮೂರು ದಿನ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟೆ. ಡಿಸ್ಕ್ ಏಳಲಿಲ್ಲ. ಅನ್ನಕ್ಕೆ ಮಾತ್ರ ವಾರವಿಡೀ ಸಾಬೂನಿನ ವಾಸನೆ.

ಮಾಲಕರಿಗೆ ನಾಳೆ ಹೇಳಿದರಾಯಿತು ಎಂದು ದಿನ ದೂಡಿದೆ.

೩. ಮೂಕಪ್ರಾಣಿ

ಸೋಮವಾರ ನಮ್ಮ ಪ್ರೆಸ್ಸಿಗೆ ಸೂಟಿ. ಮುಂದಿನ ಸೋಮವಾರ ಮಧ್ಯಾಹ್ನ ಗುಡುಗುತ್ತಾ ಮಳೆ ಬಂದು ಪ್ರೆಸ್ಸಿನ ಓಣಿಯ ಕರೆಂಟ್ ಕಂಬಕ್ಕೇ ಸಿಡಿಲು ಬಡಿಯಿತು. ಮಂಗಳವಾರ ಹೋದರೆ ನನ್ನ ಕಂಪ್ಯೂಟರ್, ಅಣ್ಣನ ಕಂಪ್ಯೂಟರ್, ವೈಫೈ ಡಬ್ಬಿ, ಎಲ್ಲ ಸುಟ್ಟಿದ್ದವು.

ಮಾಲಕರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. "ಆ ಡಿಸ್ಕ್ ತಾ ತಂಗಿ."

ನನ್ನ ನಾಲಿಗೆ ಎಂಥದು ಎಂದು ಓಣಿಗೆಲ್ಲ ಗೊತ್ತು. ಅವತ್ತು ಅದು ಅಂಟಿಕೊಂಡಿತು. "ಮಾಲಕರ, ಆ ಡಿಸ್ಕು..." ಎನ್ನುತ್ತಾ ನೆಲ ನೋಡಿದೆ. ಅಲ್ಲಿ ಸರ್ವರಿನ ಪ್ಲಗ್ ಕಳಚಿ ಬಿದ್ದಿತ್ತು! ಪೆಟ್ಟಿಗೆಗೆ ವಿಭೂತಿ ಬಳಿದಿತ್ತು, ಮುಂದೆ ಒಂದು ಚೂರು ಬೆಲ್ಲ.

ಅಷ್ಟರಲ್ಲಿ ಮಾಲಕರ ತಾಯಿ, ನಾವೆಲ್ಲ ಆಯಿ ಎನ್ನುವವರು, ಹೂವಿನ ಬುಟ್ಟಿ ಹಿಡಿದು ಬಂದರು. "ನಾನಽ ಬಿಚ್ಚೀನಿ. ನಿನ್ನೆ ಮುಂಜಾನೆ ಪೂಜಿಗೆ ಬಂದ್ರ, ಪಾಪ, ಒಂದಽ ಸವನ ಏದುಸಿರು ಬಿಡಾಕತ್ತಿತ್ತು. ಸೋಮವಾರ ಎತ್ತಿನ ಹೆಗಲ ಮ್ಯಾಲೂ ನೊಗ ಇಡಂಗಿಲ್ಲ. ಈ ಮೂಕಪ್ರಾಣಿ ಏನ್ ಪಾಪ ಮಾಡೇತಿ?"

ಪ್ಲಗ್ ಹಾಕಿದೆವು. ಆ ಅರ್ಧ ತಾಸಿನಲ್ಲಿ ನಾನು ಸವದತ್ತಿ ಎಲ್ಲಮ್ಮನಿಗೆ ಎಷ್ಟು ಹರಕೆ ಹೊತ್ತೆನೋ ನನಗೇ ನೆನಪಿಲ್ಲ. ಪರದೆ ಬೆಳಗಿತು. ಒಂದು ಲಗ್ನವೂ ಹೋಗಿರಲಿಲ್ಲ. ನಾನು ಅಲ್ಲೇ ಡಿಸ್ಕಿನ ಕತೆಯನ್ನೂ ಕಕ್ಕಿಬಿಟ್ಟೆ.

ಮಾಲಕರು ನನ್ನನ್ನು ದಿಟ್ಟಿಸಿದರು. "ನಿನ್ನ ಮಗಳು ತೊಳದ್ಲು, ನಮ್ಮವ್ವ ಉಳಿಸಿದ್ಲು. ನಡುವ ನೀ ಯಾತಕ್ಕ ಬೇಕು?"

"ಆಯಿಗೆ ಚಹಾ ಮಾಡಾಕ್ರಿ," ಎಂದೆ. ನಾಲಿಗೆ ವಾಪಸ್ ಬಂದಿತ್ತು. ಕೆಲಸವೂ ಉಳಿಯಿತು.

೪. ಕಾರಹುಣ್ಣಿಮೆ

ಹೊಸ ಡಿಸ್ಕ್ ಬಂತು, ನಮ್ಮ ಮನೆಯ ಅಟ್ಟ ಏರಿತು. ಹೊಸ ವೈಫೈ ಡಬ್ಬಿಯನ್ನು ಸರ್ವರಿನ ನೆತ್ತಿಯ ಮೇಲೆ ಕೂರಿಸಿದರು. ಅದಕ್ಕೆ ನೆಟ್ಟಗೆ ನಿಂತ ಎರಡು ಕಡ್ಡಿ.

ಕಾರಹುಣ್ಣಿಮೆ ಬಂತು, ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುವ ಹಬ್ಬ. ಬೆಳಿಗ್ಗೆಯೇ ಆಯಿ ಒಂದು ಕೊಡ ನೀರು ಹೊತ್ತು ಪ್ರೆಸ್ಸಿಗೆ ಬಂದರು. ನಾನು ಓಡಿಹೋಗಿ ಕೊಡ ಹಿಡಿದುಕೊಂಡೆ.

"ಆಯಿ, ತೊಳಿಯೂದೊಂದು ಬ್ಯಾಡ್ರಿ! ನಮ್ಮ ಮನ್ಯಾಗ ಒಂದು ತೊಳದು ನೋಡೇವಿ!"

ಆಯಿ ಕೊಡ ಬಿಟ್ಟರು. ಸೆರಗಿನ ಗಂಟಿನಿಂದ ಕೆಂಪು ಬಣ್ಣದ ಡಬ್ಬಿ ತೆಗೆದು ಆ ಎರಡು ಕಡ್ಡಿಗೂ ಬಳಿಯತೊಡಗಿದರು. ಮಾಲಕರು ಹೌಹಾರಿದರು.

"ಅವ್ವಾ, ಅದು ಎತ್ತಲ್ಲಬೇ!"

ಆಯಿ ಕೈ ನಿಲ್ಲಿಸಲಿಲ್ಲ. "ಮತ್ತ ಕೋಡು ಯಾಕ ಬಂದಾವು?"